ಕರಿಪುಚ್ಚೆ ಬ್ಯಾಂಡಿನ ಮೊದಲ ಮದುವೆ

ಬ್ಯಾಂಡಿಗೆ ಬೆಕ್ಕಿನ ಹೆಸರಿಡಬಾರದೆಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ ಎನ್ನುವುದು ಲೋಕಣ್ಣನ ವಾದವಾಗಿತ್ತು. ಬರೆದಿಲ್ಲ, ನಿಜ. ಮದುವೆ ಚಪ್ಪರದೊಳಗೆ ಜೆಸಿಬಿ ನಿಲ್ಲಿಸಬಾರದೆಂದೂ ಎಲ್ಲೂ ಬರೆದಿಲ್ಲ. ಇಂಥದ್ದನ್ನೆಲ್ಲ ಬರೆದಿಡುವ ಅಗತ್ಯ ಬೀಳಬಹುದೆಂದು ಶಾಸ್ತ್ರ ಬರೆದವರಿಗೆ ಹೊಳೆದಿರಲಿಕ್ಕಿಲ್ಲ. ಅವರ ಕಾಲದಲ್ಲಿ ಲೋಕಣ್ಣ ಇರಲಿಲ್ಲವಲ್ಲ.

ಲೋಕಣ್ಣನೆಂದರೆ ಪಾಣೆಮಂಗಳೂರು ಪೇಟೆಯಲ್ಲಿ ಮೆಣಸಿನ ಹುಡಿಯ ಗಿರಣಿ ಇಟ್ಟಿರುವ ಲೋಕನಾಥ. ಗಿರಣಿ ಓಡುತ್ತಿರುವಾಗ ಅದರ ಪಕ್ಕದಲ್ಲೇ ಕೂತು ಕ್ಲಾರಿಯೊನೆಟ್ ಕಲಿತವನು. ಹಾಗಾಗಿ ಯಂತ್ರದ ಸದ್ದಿಗಿಂತ ಮೇಲೆ ಕೇಳುವಂತೆ ಊದುವುದು ಬಿಟ್ಟರೆ ಬೇರೆ ರೀತಿ ಅವನಿಗೆ ಗೊತ್ತಿಲ್ಲ. ನನ್ನ ಝೆರಾಕ್ಸ್ ಅಂಗಡಿ ಅವನ ಗಿರಣಿಗೆ ತಾಗಿಕೊಂಡೇ ಇದೆ. ಮೆಣಸಿನ ಘಾಟನ್ನೂ ಅವನ ಸಂಗೀತವನ್ನೂ ಇಷ್ಟು ವರ್ಷ ಒಟ್ಟಿಗೆ ಸಹಿಸಿದ ಮೇಲೆ, ತಾಳ ಹೊಡೆಯಲಿಕ್ಕೆ ಬಾ ಎಂದು ಅವನು ಕರೆದಾಗ ಇಲ್ಲವೆನ್ನುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ಉಜಿರೆಯಲ್ಲಿ ಕಾಲೇಜಿಗೆ ಹೋಗುವ ಅವನ ತಂಗಿಯ ಮಗಳು ಸಾತ್ವಿಕಾ ಒಂದು ದಿನ ಮಾತಿಗೆ ಮಾತು ಬಂದು ಒಂದು ವಿಷಯ ಹೇಳಿದಳು. ಹೊರದೇಶದಲ್ಲಿ ಬೆಕ್ಕಿನ ಹೆಸರಿಟ್ಟುಕೊಂಡ ಬ್ಯಾಂಡುಗಳಿಗೆ ಲೆಕ್ಕವಿಲ್ಲವಂತೆ. ಹಾಡಿನ ಹೆಸರಿನಲ್ಲಿ ಒಂದು ಬೆಕ್ಕು ನುಸುಳಿದರೆ ಸಾಕು, ಜನ ಆ ಹಾಡನ್ನು ಮರೆಯುವುದೇ ಇಲ್ಲವಂತೆ. ಅವಳು ಚಹಾ ಕುಡಿದು ಬಸ್ಸು ಹತ್ತಿ ಹೋದಳು. ಲೋಕಣ್ಣನಿಗೆ ಆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಜಿಲ್ಲೆಯಲ್ಲಿ ಬ್ಯಾಂಡಿಗೆ ಇಟ್ಟರೆ ದೇವರ ಹೆಸರು, ಇಲ್ಲದಿದ್ದರೆ ಹುಲಿಯದ್ದು. ಹುಲಿಯ ವೇಷ ಹಾಕಿ ಕುಣಿಯುವ ಊರು ಬೆಕ್ಕಿಗೆ ಯಾಕೆ ಕುಣಿಯಬಾರದು ಎಂದು ಬೆಳಿಗ್ಗೆ ನನ್ನನ್ನು ಕೇಳಿದ. ಹೀಗೆ ಕರಿಪುಚ್ಚೆ ಬ್ಯಾಂಡ್ ಹುಟ್ಟಿತು. ಪುಚ್ಚೆ ಎಂದರೆ ತುಳುವಿನಲ್ಲಿ ಬೆಕ್ಕು.

ಡ್ರಮ್ ಹೊಡೆಯುವ ಉನೈಸನಿಗೆ ಬಿ.ಸಿ.ರೋಡಿನಲ್ಲಿ ಗಾಡಿಗಳ ನಂಬರ್ ಪ್ಲೇಟ್ ಮಾಡುವ ಅಂಗಡಿ ಉಂಟು. ಅವನು ದೊಡ್ಡ ಡ್ರಮ್ಮಿನ ಮೇಲೆ ಕರಿಬೆಕ್ಕಿನ ಮುಖ ಬಿಡಿಸಿ, ಕಣ್ಣುಗಳಿಗೆ ರೇಡಿಯಂ ಅಂಟಿಸಿದ. ಯಾವ ಕಡೆ ನಿಂತರೂ ಆ ಬೆಕ್ಕು ನಮ್ಮನ್ನೇ ನೋಡುತ್ತಿತ್ತು. ನಾನು ತಾಳ ಹೊಡೆಯುವಾಗ ಅದಕ್ಕೆ ಬೆನ್ನು ಹಾಕುತ್ತಿರಲಿಲ್ಲ.

ಲೋಕಣ್ಣ ಅಷ್ಟಕ್ಕೇ ನಿಲ್ಲಲಿಲ್ಲ. ನಾವು ನುಡಿಸುತ್ತಿದ್ದ ಹಳೆಯ ಧಾಟಿಗಳಿಗೆಲ್ಲ ಬೆಕ್ಕಿನ ಹೆಸರು ಕೊಟ್ಟ. ದಿಬ್ಬಣ ಬರುವಾಗಿನದ್ದು ‘ಬೆಕ್ಕು ಬಂತು ದಾರಿ ಬಿಡಿ’. ಊಟದ ಹೊತ್ತಿನದ್ದು ‘ಬಂಗುಡೆಯ ಪರಿಮಳ’. ಹೆಣ್ಣನ್ನು ಗಂಡನ ಮನೆಗೆ ಕಳಿಸುವಾಗಿನದ್ದು ‘ಗೋಣಿಯೊಳಗಿನ ಬೆಕ್ಕು’. ಬೇಡದ ಬೆಕ್ಕನ್ನು ಗೋಣಿಯಲ್ಲಿ ತುಂಬಿ ಹೊಳೆಯಾಚೆ ಬಿಟ್ಟುಬರುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಆ ಹೆಸರು ಕೇಳಿ ಅವನ ಹೆಂಡತಿ ಕಾಂತಿ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದವಳು ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ.

ನಾಲ್ಕು ತಿಂಗಳು ಯಾರೂ ಕರೆಯಲಿಲ್ಲ. ಬೇಸಗೆಯಲ್ಲಿ ಮೂಡುಬಿದಿರೆಯ ಒಂದು ಮದುವೆಗೆ ಹೋದೆವಾದರೂ ಅದನ್ನು ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ. ಬ್ಯಾಂಡಿನವರು ದಿಬ್ಬಣದ ಮುಂದೆ ನಡೆಯಬೇಕು. ಡ್ರಮ್ಮಿನವನು ಎಲ್ಲರಿಗಿಂತ ಮುಂದೆ. ಅಂದರೆ ಮದುಮಗನ ದಾರಿಗೆ ಮೊದಲು ಅಡ್ಡ ಬರುವುದು ಕರಿಬೆಕ್ಕು. ಮದುಮಗನ ಸೋದರಮಾವ ಅದನ್ನು ನೋಡಿದವನೇ ದಿಬ್ಬಣವನ್ನು ನಿಲ್ಲಿಸಿ, ಬೆಕ್ಕು ಅಡ್ಡ ಬಂದಾಗ ಎಲ್ಲರೂ ಮಾಡುವ ಹಾಗೆ, ಅದು ದಾಟಿಹೋಗಲಿ ಎಂದು ಕಾದ. ನಾವು ದಿಬ್ಬಣ ಬರಲಿ ಎಂದು ಕಾದೆವು. ನಾವು ಎರಡು ಹೆಜ್ಜೆ ಮುಂದೆ ಹೋದರೆ ಅವರು ಬರಲು ಹೊರಡುವರು, ಆಗ ನಾವು ನಿಲ್ಲುವೆವು, ಅವರೂ ನಿಲ್ಲುವರು. ಕೊನೆಗೆ ಪುರೋಹಿತರು ಬಂದು ಗಡಿಯಾರ ತೋರಿಸಿದ ಮೇಲೆ ನಮ್ಮನ್ನು ಅಡುಗೆಯ ಕಡೆ ಕಳಿಸಿ, ಅಲ್ಲಿಂದ ಹಾಗೆಯೇ ಮನೆಗೆ ಕಳಿಸಿದರು.

ಆ ಸುದ್ದಿ ನಮಗಿಂತ ಮೊದಲೇ ಪಾಣೆಮಂಗಳೂರು ಸೇರಿತ್ತು. ಕಾಂತಿ ಗಂಡನಿಗೆ ಖಂಡಿತವಾಗಿ ಹೇಳಿದಳು: “ಸೋಣ ತಿಂಗಳು ಬರುವುದರೊಳಗೆ ಆ ಬೆಕ್ಕಿನೊಟ್ಟಿಗೆ ಒಂದು ಮದುವೆ ಪೂರ್ತಿ ಮುಗಿಸಿಕೊಂಡು ಬನ್ನಿ. ಇಲ್ಲದಿದ್ದರೆ ಡ್ರಮ್ಮು ಅಟ್ಟಕ್ಕೆ, ನೀವು ಗಿರಣಿಗೆ.” ಲೋಕಣ್ಣ ಒಪ್ಪಿದ. ಸೋಣಕ್ಕೆ ಮೊದಲು ಬರುವುದು ಮಳೆಗಾಲದ ಆಟಿ ತಿಂಗಳು, ಆಟಿಯಲ್ಲಿ ನಮ್ಮಲ್ಲಿ ಮದುವೆಯೇ ನಡೆಯುವುದಿಲ್ಲ ಎನ್ನುವುದು ಒಪ್ಪಿದ ಮೇಲೆ ಅವನಿಗೆ ನೆನಪಾಯಿತು.

ಅಷ್ಟರಲ್ಲಿ ಫೋನು ಬಂತು. ಚಾರ್ಮಾಡಿಯಿಂದ. ಮಾತಾಡಿದವರು ತುಕ್ರಪ್ಪ ಎನ್ನುವ ಹಿರಿಯರು. ಆಟಿಯ ಮೂರನೇ ವಾರ ತಮ್ಮ ಮನೆಯಲ್ಲಿ ಮದುವೆ, ಹುಡುಗಿ ಅವರ ಅಕ್ಕನ ಮಗಳು ವಿಜೇತಾ, ಗಂಡಿನ ಕಡೆಯವರು ಮೂಡುಬಿದಿರೆಯವರು, ಜನ ಹೆಚ್ಚಿಲ್ಲ. ಇಷ್ಟು ಹೇಳಿ, ಡ್ರಮ್ಮಿನ ಮೇಲಿನ ಬೆಕ್ಕು ಈಗಲೂ ಉಂಟಲ್ಲವಾ ಎಂದು ಅವರು ಎರಡು ಸಲ ಕೇಳಿದರಂತೆ. ಬೆಕ್ಕು ಇದ್ದರೆ ಮಾತ್ರ ಬನ್ನಿ ಎಂದರಂತೆ. ಲೋಕಣ್ಣನ ಕಣ್ಣಲ್ಲಿ ನೀರು ಬಂತು.

ಆಟಿಯಲ್ಲಿ ಎಂಥ ಮದುವೆ ಮಾರಾಯ ಎಂದು ನಾನು ಕೇಳದೆ ಇರಲಿಲ್ಲ. ಗಲ್ಫಿನವರಿರಬೇಕು, ಅವರಿಗೆ ಆಟಿ ಎಂತದು ಸೋಣ ಎಂತದು, ಮಕ್ಕಳ ಶಾಲೆಗೆ ರಜೆ ಸಿಗುವುದೇ ಆಗ, ರಜೆ ಸಿಕ್ಕಿದ್ದೇ ಮುಹೂರ್ತ ಎಂದು ಅವನು ನನ್ನ ಬಾಯಿ ಮುಚ್ಚಿಸಿದ. ಹಾಗೆ ನಡೆದದ್ದೂ ಉಂಟು. ಹೋದ ವರ್ಷ ಕಾಂತಿಯ ದೊಡ್ಡಪ್ಪನ ಮೊಮ್ಮಗನೇ ದುಬೈಯಿಂದ ಬಂದು ಆಟಿಯಲ್ಲಿ ಮದುವೆಯಾಗಿದ್ದ. ಆದ್ದರಿಂದ ಕಾಂತಿಯೂ ಸಂಶಯಪಡಲಿಲ್ಲ. ಹುಡುಗಿಗೆ ಪ್ರಾಯ ಎಷ್ಟಂತೆ ಎಂದು ಮಾತ್ರ ಕೇಳಿದಳು. ಮೂವತ್ತು ದಾಟಿದೆಯಂತೆ ಎಂದ ಲೋಕಣ್ಣ. ಪಾಪ, ಈಗಲಾದರೂ ಕೂಡಿಬಂತಲ್ಲ ಎಂದು ಅವಳು ನಮ್ಮ ಐದು ಜನರ ಕೆಂಪು ಕೋಟುಗಳಿಗೆ ಇಸ್ತ್ರಿ ಹಾಕಿಕೊಟ್ಟಳು.

ಚಾರ್ಮಾಡಿ ಮುಟ್ಟಿದಾಗ ಮಧ್ಯಾಹ್ನ. ಆದರೂ ಘಾಟಿಯಿಂದ ಇಳಿದ ಮಂಜು ರಸ್ತೆಯನ್ನು ಮುಚ್ಚಿತ್ತು. ಮನೆ ರಸ್ತೆಯ ಬದಿಯಲ್ಲೇ ಇತ್ತು, ಹೊಸ ಟಾರಸಿ ಮನೆ. ಬಾಗಿಲಲ್ಲಿ ತೋರಣ ಕಟ್ಟಿದ್ದರು. ಮದುಮಕ್ಕಳ ಹೆಸರಿನ ಬೋರ್ಡು ಇರಲಿಲ್ಲ, ಮೈಕು ಇರಲಿಲ್ಲ, ಓಡಾಡುವ ಮಕ್ಕಳಿರಲಿಲ್ಲ. ಇಪ್ಪತ್ತು ಜನ ಇದ್ದಿರಬಹುದು, ಎಲ್ಲರೂ ನಡುಪ್ರಾಯ ದಾಟಿದವರು. ಅವರು ಮಾತಾಡುತ್ತಿದ್ದರು, ಆದರೆ ಯಾರೋ ಮಲಗಿದ್ದಾರೆ, ಎಚ್ಚರವಾದೀತು ಎಂಬಂತೆ ಮಾತಾಡುತ್ತಿದ್ದರು.

ತುಕ್ರಪ್ಪ ಗೇಟಿನಲ್ಲೇ ನಮ್ಮನ್ನು ತಡೆದು, ನಿಮ್ಮಲ್ಲಿ ಮದುವೆಯಾಗದವರು ಎಷ್ಟು ಮಂದಿ ಎಂದು ಕೇಳಿದರು. ಲೋಕಣ್ಣ ಅರಳಿಹೋದ. ಟ್ರಂಪೆಟ್ ಊದುವ ಇಬ್ಬರು ಹುಡುಗರನ್ನು ಮುಂದಕ್ಕೆ ತಳ್ಳಿ, ಒಬ್ಬನಿಗೆ ಕೋ-ಆಪರೇಟಿವ್ ಸೊಸೈಟಿಯಲ್ಲಿ ಕೆಲಸ ಉಂಟೆಂದೂ ಇನ್ನೊಬ್ಬನಿಗೆ ಸ್ವಂತ ಆಟೋ ಉಂಟೆಂದೂ, ಇಬ್ಬರೂ ಕುಡಿಯುವುದಿಲ್ಲವೆಂದೂ ಹೇಳಿದ. ತುಕ್ರಪ್ಪ ಆ ಇಬ್ಬರನ್ನೂ ವ್ಯಾನಿನಲ್ಲಿ ಕೂರಿಸಿ, ಗಾಜು ಏರಿಸಿ, ಮುಗಿಯುವ ತನಕ ಈ ಕಡೆ ನೋಡಬಾರದೆಂದು ಹೇಳಿ ಬಂದರು. ಉಳಿದದ್ದು ನಾವು ಮೂವರು: ಲೋಕಣ್ಣ, ಉನೈಸ್, ನಾನು. ಇದೇನು ಹೊಸ ಕ್ರಮ ಎಂದು ನಾನು ಕೇಳಿದೆ. ದೊಡ್ಡ ಮನೆತನದವರಲ್ಲಿ ಹೀಗೆಲ್ಲ ಇರುತ್ತದೆ ಎಂದ ಲೋಕಣ್ಣ.

ಅಂಗಳದ ಚಪ್ಪರದಲ್ಲಿ ಎರಡು ಅಲಂಕಾರದ ಕುರ್ಚಿಗಳಿದ್ದವು. ಒಂದರ ಮೇಲೆ ಹೊಸ ಸೀರೆ, ಬಳೆ, ಬಾಳೆನಾರಿನಲ್ಲಿ ಕಟ್ಟಿದ ಒಂದು ಅಟ್ಟೆ ಮಲ್ಲಿಗೆ ಇಟ್ಟಿದ್ದರು. ಹುಡುಗಿಯ ತಾಯಿ ವಾರಿಜಕ್ಕ ಅದರ ಬಳಿ ನಿಂತು ಸೀರೆಯ ನೆರಿಗೆಯನ್ನು ಮತ್ತೆ ಮತ್ತೆ ಸರಿಮಾಡುತ್ತಿದ್ದಳು. ಮದುಮಗಳು ಎಲ್ಲಿ ಎಂದು ಲೋಕಣ್ಣ ಕೇಳಿದ್ದಕ್ಕೆ, ತಯಾರಾಗಿದ್ದಾಳೆ ಎಂದಳು. ಅವಳು ಕುರ್ಚಿಯ ಕಡೆ ಬಗ್ಗಿ ಏನೋ ಪಿಸುಗುಟ್ಟಿದ್ದನ್ನು ನಾನು ನೋಡಿದೆ. ನೋಡಿಲ್ಲವೆಂದು ನನಗೇ ಹೇಳಿಕೊಂಡೆ.

ಸಣ್ಣ ಮಳೆಯಲ್ಲಿ ಗಂಡಿನ ಕಡೆಯ ಕಾರು ಬಂತು. ಮುಂದಿನ ಎಡಗಡೆಯ ಸೀಟು ಖಾಲಿ, ಅದಕ್ಕೆ ಬೆಲ್ಟು ಹಾಕಿತ್ತು. ಹಿಂದೆ ಒತ್ತೊತ್ತಾಗಿ ಕೂತವರು ಇಳಿದರು. ಒಬ್ಬ ಕೊಡೆ ಬಿಡಿಸಿಕೊಂಡು ಬಂದು ಮುಂದಿನ ಬಾಗಿಲು ತೆರೆದು, ಬೆಲ್ಟು ಬಿಡಿಸಿ, ಒಬ್ಬ ಮನುಷ್ಯ ಇಳಿಯಲು ಬೇಕಾದಷ್ಟು ಹೊತ್ತು ಕಾದು, ಬಾಗಿಲು ಮುಚ್ಚಿದ. ಆಮೇಲೆ ಕೊಡೆಯನ್ನು ತನ್ನ ಎಡಕ್ಕೆ ಚಾಚಿ ಹಿಡಿದು ನಡೆದು ಬಂದ. ಅವನು ನೆನೆಯುತ್ತಿದ್ದ. ಕೊಡೆಯ ಅಡಿ ಯಾರೂ ಇರಲಿಲ್ಲ.

ಉನೈಸ್ ಎತ್ತಿದ ಕೋಲನ್ನು ಡ್ರಮ್ಮಿಗೆ ಇಳಿಸಲಿಲ್ಲ. ನನ್ನ ತಾಳ ಒಂದಕ್ಕೊಂದು ತಾಗದೆ ನಿಂತಿತು. ಲೋಕಣ್ಣ ಒಬ್ಬನೇ, ಕಣ್ಣು ಮುಚ್ಚಿ, ‘ಬೆಕ್ಕು ಬಂತು ದಾರಿ ಬಿಡಿ’ಯನ್ನು ಗಿರಣಿಯ ಮೇಲೆ ಕೇಳುವಂತೆ ಊದುತ್ತ ಹಿಂದೆ ಹಿಂದೆ ನಡೆದು ಕುರ್ಚಿಯ ತನಕ ಬಂದ. ಅಲ್ಲಿ ಕಣ್ಣು ತೆರೆದು, ಕೊಡೆ ಹಿಡಿದವನ ಕೈ ಕುಲುಕಿ, ಶುಭಾಶಯ, ಹೆಂಡತಿಯನ್ನು ಚೆನ್ನಾಗಿ ನೋಡಿಕೊಳ್ಳಿ ಎಂದ.

“ಮದುಮಗ ನಾನಲ್ಲ,” ಎಂದ ಅವನು ತಣ್ಣಗೆ. “ಇವನು. ನನ್ನ ತಮ್ಮ ಜಿತೇಶ್.” ಎಂದು ಕೊಡೆಯ ಅಡಿ ತೋರಿಸಿದ.

ಆಗ ಲೋಕಣ್ಣನಿಗೆ ತಿಳಿಯಿತು. ಸಣ್ಣದರಲ್ಲೇ ತೀರಿಕೊಂಡ ಮಕ್ಕಳಿಗೆ ಪ್ರಾಯ ಬಂದಾಗ ನಮ್ಮ ತುಳುನಾಡಿನಲ್ಲಿ ಗಂಡು ಹೆಣ್ಣು ನೋಡಿ, ಜಾತಕ ಕೇಳಿಸಿ, ಸಾಂಗವಾಗಿ ಮದುವೆ ಮಾಡಿಸುತ್ತಾರೆ. ಕುಲೆ ಮದುವೆ, ಅಂದರೆ ಸತ್ತವರ ಮದುವೆ ಎನ್ನುತ್ತಾರೆ. ಬೇರೆ ಯಾವ ಮದುವೆಯೂ ಇಲ್ಲದ ಆಟಿಯಲ್ಲೇ ಅದು ನಡೆಯುವುದು. ನಮ್ಮ ಊರಿನ ಎಮ್ಮೆಗೂ ಗೊತ್ತಿರುವ ಈ ವಿಷಯ ಗಲ್ಫಿನ ರಜೆಯ ಲೆಕ್ಕದಲ್ಲಿ ನಮ್ಮ ತಲೆಯಿಂದ ಜಾರಿಹೋಗಿತ್ತು. ಲೋಕಣ್ಣ ಕೈ ಬಿಡಿಸಿಕೊಂಡು ಹಿಂದಕ್ಕೆ ಸರಿದ. ಹಿಂದೆ ಒಂದು ಕುರ್ಚಿ ಇತ್ತು. ಅವನು ಕೂತುಬಿಟ್ಟ.

ಅದು ಮದುಮಗನ ಕುರ್ಚಿ. ಮಗಳ ಪರವಾಗಿ ಮಾಲೆ ಎತ್ತಿ ನಿಂತಿದ್ದ ವಾರಿಜಕ್ಕನ ಕಣ್ಣು ನೀರಿನಿಂದ ಮಂಜಾಗಿತ್ತು. ಆ ಕುರ್ಚಿಯ ಮೇಲೆ ಹಾಕಬೇಕಾದ ಮಾಲೆಯನ್ನು ಅವಳು ಹಾಕಿದಳು. ಅದು ಲೋಕಣ್ಣನ ಕೊರಳಿಗೆ ಬಿತ್ತು.

ಅಂಗಳದಲ್ಲಿ ಯಾರೂ ಕೂಗಲಿಲ್ಲ. ಕೂಗಿದ್ದರೆ ಎಷ್ಟೋ ಒಳ್ಳೆಯದಿತ್ತು. ಎರಡೂ ಕಡೆಯ ಹಿರಿಯರು ಒಂದು ಬದಿಗೆ ಹೋಗಿ, ತಗ್ಗಿದ ಸ್ವರದಲ್ಲಿ ವಿಷಯವನ್ನು ಹೈಕೋರ್ಟಿನವರಂತೆ ಪರಿಶೀಲಿಸಿದರು. ಮದುಮಗ ಮೊದಲೇ ಕೂತಿದ್ದರೆ ಬ್ಯಾಂಡಿನವನು ಕೂತದ್ದು ಅವನ ತೊಡೆಯ ಮೇಲೆ. ಆಗ ಮಾಲೆ ಇಬ್ಬರಿಗೂ ಬಿದ್ದಂತಾಯಿತು. ಮದುಮಗ ಇನ್ನೂ ಕೂತಿರದಿದ್ದರೆ ಮಾಲೆ ಬಿದ್ದದ್ದು ಬ್ಯಾಂಡಿನವನಿಗೆ ಮಾತ್ರ. ಹಾಗಾದರೆ ಹುಡುಗಿ ಹೊರಡಬೇಕಾದದ್ದು ಮೂಡುಬಿದಿರೆಗಲ್ಲ, ಪಾಣೆಮಂಗಳೂರಿಗೆ. ಒಬ್ಬರು ಬಂದು ಲೋಕಣ್ಣನ ಗೋತ್ರ ಕೇಳಿದರು. ಇನ್ನೊಬ್ಬರು, ಮನೆಯಲ್ಲಿ ಈಗ ಎಷ್ಟು ಹೆಂಗಸರಿದ್ದಾರೆ ಎಂದು ಕೇಳಿದರು. ಲೋಕಣ್ಣ ಪಕ್ಕದ ಕುರ್ಚಿಯ ಸೀರೆಯನ್ನು ನೋಡಿ, ಕಾಂತಿಯ ಹೆಸರನ್ನು ದೇವರ ನಾಮದಂತೆ ಜಪಿಸತೊಡಗಿದ.

ಅಷ್ಟರಲ್ಲಿ ಹುಡುಗನ ತಾಯಿ ಗುಲಾಬಿಯಕ್ಕ ಬಾಯಿ ತೆರೆದಳು.

“ನನ್ನ ಮಗ ಸಿಟ್ಟಿನಲ್ಲಿ ಎದ್ದು ಹೋದ,” ಎಂದಳು. “ರಸ್ತೆಗೆ ಹೋದ.”

ಎಲ್ಲರೂ ಗೇಟಿನ ಕಡೆ ತಿರುಗಿದರು. ಕಾರು ಬಂದ ಮೇಲೆ ತುಕ್ರಪ್ಪ ಗೇಟಿಗೆ ಚಿಲಕ ಹಾಕಿದ್ದನ್ನು ನಾನು ನೋಡಿದ್ದೆ. ಅದು ತೆರೆದಿತ್ತು. ಗಾಳಿ ಇರಲಿಲ್ಲ.

ವಾರಿಜಕ್ಕ ನಿಂತಲ್ಲೇ ನೆಲಕ್ಕೆ ಕೂತಳು. ಇವಳೊಬ್ಬಳಿಗೆ ಒಂದು ಮನೆ ಆಗಲಿ ಎಂದು ಇಷ್ಟು ವರ್ಷ ಕಾದೆ, ಇದು ತಪ್ಪಿದರೆ ಇವಳನ್ನು ಇನ್ನು ಯಾರು ಒಪ್ಪುತ್ತಾರೆ ಎಂದಳು. ನಾನು ಅಲ್ಲಿಯ ತನಕ ಒಳಗೊಳಗೆ ನಗು ತಡೆದುಕೊಂಡಿದ್ದೆ. ಆ ಮಾತು ಕೇಳಿದ ಮೇಲೆ ನಗು ಬರಲಿಲ್ಲ.

ತುಕ್ರಪ್ಪ ತೀರ್ಮಾನ ಹೇಳಿದರು. ಮಾಲೆಯನ್ನು ತೆಗೆದು ಬೇರೆ ಮಾಲೆ ಕಟ್ಟಿಸಬೇಕು. ಲೋಕಣ್ಣ ವೀಳ್ಯದೆಲೆ ಅಡಿಕೆ ಇಟ್ಟು ತಪ್ಪು ಒಪ್ಪಿಕೊಳ್ಳಬೇಕು. ಸಿಟ್ಟು ಮಾಡಿಸಿದವರು ಯಾರೋ ಅವರೇ ಹೋಗಿ ಮದುಮಗನನ್ನು ಬಾಜಾಬಜಂತ್ರಿಯೊಟ್ಟಿಗೆ ಕರೆತರಬೇಕು. ಗಂಡಿನ ಕಡೆಯವರು ಇದಕ್ಕೆ ಒಪ್ಪಿದರು, ಒಂದು ಶರತ್ತಿನ ಮೇಲೆ. ಮೊದಲೇ ಮುನಿಸಿಕೊಂಡ ಹುಡುಗ, ಅವನೆದುರಿಗೆ ಕರಿಬೆಕ್ಕು ಹೋಗುವುದು ಬೇಡ, ಡ್ರಮ್ಮಿಗೆ ಬಟ್ಟೆ ಮುಚ್ಚಿ ಎಂದರು.

“ಬೆಕ್ಕು ಇರಲಿ,” ಎಂದಳು ವಾರಿಜಕ್ಕ. “ಬೆಕ್ಕಿಗೋಸ್ಕರವೇ ಇವರನ್ನು ಕರೆಸಿದ್ದು.”

ಅವಳು ಮೂಡುಬಿದಿರೆಯಲ್ಲಿ ಬಸ್ಸಿಗೆ ಕಾಯುವಾಗ ನಮ್ಮ ವ್ಯಾನಿನ ಮೇಲಿದ್ದ ಡ್ರಮ್ಮಿನ ಬೆಕ್ಕನ್ನು ನೋಡಿದ್ದಳಂತೆ. ಮಗಳಿಗೆ ಒಂದು ಕರಿಯ ಮರಿ ಇತ್ತಂತೆ. ಅದು ಮುಂದೆ ಹೋಗದೆ ಹುಡುಗಿ ಒಂದು ಹೆಜ್ಜೆ ಇಡುತ್ತಿರಲಿಲ್ಲ, ಬಚ್ಚಲಿಗೂ ಅದೇ ಮುಂದೆ, ಅಂಗನವಾಡಿಗೂ ಅದೇ ಮುಂದೆ. ಊಟ ಮಾಡಿಸುವಾಗ ವಾರಿಜಕ್ಕ ಅದರದ್ದೇ ಒಂದು ಹಾಡು ಕಟ್ಟಿ ಹೇಳುತ್ತಿದ್ದಳು. ಬೆಕ್ಕು ದಾರಿ ತೋರಿಸದೆ ಅವಳು ಗಂಡನ ಮನೆಗೆ ಹೋಗುವುದಿಲ್ಲ ಎಂದಳು. ಗಂಡಿನ ಕಡೆಯವರು ಗುಲಾಬಿಯಕ್ಕನ ಮುಖ ನೋಡಿದರು. ಅವಳು ತಲೆಯಾಡಿಸಿದಳು.

ಲೋಕಣ್ಣ ಆ ಹಾಡು ಎಂತದು ಎಂದು ಕೇಳಿದ. ವಾರಿಜಕ್ಕ ನಾಚಿಕೊಂಡು, ನೆಲ ನೋಡುತ್ತ ಹೇಳಿದಳು: “ಕರಿಯ ಪುಚ್ಚೆ ಮುಂದೆ ಮುಂದೆ, ನನ್ನ ಮಗಳು ಹಿಂದೆ ಹಿಂದೆ.” ಅಷ್ಟೇ ಹಾಡು. ಲೋಕಣ್ಣ ಕ್ಲಾರಿಯೊನೆಟ್ ಎತ್ತಿ ಅದನ್ನು ಊದಿದ. ಟಾರಸಿಯ ಮೇಲಿದ್ದ ಪಾರಿವಾಳಗಳೆಲ್ಲ ಹಾರಿಹೋದವು. ಮೆತ್ತಗೆ ಅಣ್ಣ, ಮಗು ಹೆದರುತ್ತದೆ ಎಂದಳು ವಾರಿಜಕ್ಕ. ಅವನು ಇನ್ನೊಮ್ಮೆ ಊದಿದ, ಮತ್ತೊಮ್ಮೆ ಊದಿದ. ಕೊನೆಗೆ ಉಸಿರೇ ಇಲ್ಲವೇನೋ ಎನ್ನುವಷ್ಟು ತೆಳ್ಳಗೆ ಒಂದು ಸ್ವರ ಬಂತು. ಇಷ್ಟು ವರ್ಷದಲ್ಲಿ ಲೋಕಣ್ಣ ಮೆತ್ತಗೆ ಊದಿದ್ದನ್ನು ನಾನು ಕೇಳಿದ್ದು ಆಗಲೇ.

ರಸ್ತೆಗೆ ಇಳಿದೆವು. ಮುಂದೆ ಡ್ರಮ್ ಹೊತ್ತ ಉನೈಸ್, ಹಿಂದೆ ಲೋಕಣ್ಣ, ನಾನು, ಕೊನೆಗೆ ಕೊಡೆ ಹಿಡಿದ ಅಣ್ಣ. ಮಂಜಿನಲ್ಲಿ ಹತ್ತು ಮಾರು ಆಚೆ ಏನೂ ಕಾಣುತ್ತಿರಲಿಲ್ಲ. ಘಾಟಿ ಇಳಿದು ಬಂದ ಒಂದು ಬಸ್ಸು ನಮ್ಮನ್ನು ನೋಡಿ ನಿಂತಿತು. ಅದರ ಬೆಳಕು ಬಿದ್ದು ಡ್ರಮ್ಮಿನ ಬೆಕ್ಕಿನ ಕಣ್ಣು ಹತ್ತಿಕೊಂಡಿತು. ಚಾಲಕ ಬಸ್ಸಿನ ಬೆಳಕು ಆರಿಸಿ, ಕೈ ಮುಗಿದು ಕಾದ. ಒಳಗಿದ್ದವರಲ್ಲಿ ಯಾರೂ ಏನಾಯಿತೆಂದು ಕೇಳಲಿಲ್ಲ.

ಚೆಕ್‌ಪೋಸ್ಟಿನಲ್ಲಿ ಡ್ಯೂಟಿಯಲ್ಲಿದ್ದ ಪೊಲೀಸಿನವನು ಹೊರಗಿನ ಜಿಲ್ಲೆಯ ಹುಡುಗ. ಕೈ ಅಡ್ಡ ಹಿಡಿದು, ಮೆರವಣಿಗೆಗೆ ಪರ್ಮಿಷನ್ ಇದೆಯೇ ಎಂದ. ಮೆರವಣಿಗೆಯಲ್ಲ ಸಾರ್, ಮದುವೆ ಎಂದ ಲೋಕಣ್ಣ. ಮದುಮಗ ಎಲ್ಲಿ ಎಂದು ಪೊಲೀಸಿನವನು ಕೇಳಿದ. ಹುಡುಕಲಿಕ್ಕೆ ಬಂದದ್ದು, ಸಿಟ್ಟು ಮಾಡಿಕೊಂಡು ಈ ಕಡೆ ಬಂದಿದ್ದಾನೆ ಎಂದ ಲೋಕಣ್ಣ, ಇದ್ದದ್ದನ್ನು ಇದ್ದ ಹಾಗೆ. ಪೊಲೀಸಿನವನಿಗೆ ಇಂಥ ಪ್ರಕರಣ ಹೊಸತಲ್ಲ. ಕಾಣೆಯಾದವರ ಬಗ್ಗೆ ಕೇಳುವುದನ್ನೆಲ್ಲ ಕ್ರಮವಾಗಿ ಕೇಳಿದ. ಎತ್ತರ ಎಷ್ಟು, ಉಟ್ಟದ್ದು ಏನು, ಮೊಬೈಲ್ ಇದೆಯೇ, ಮನೆಯವರು ಕೊನೆಯ ಬಾರಿ ನೋಡಿದ್ದು ಯಾವಾಗ.

“ತೊಂಬತ್ತಾರರ ಮಳೆಗಾಲದಲ್ಲಿ,” ಎಂದ ಕೊಡೆ ಹಿಡಿದವನು. “ಜ್ವರ ಬಂದಿತ್ತು.”

ಪೊಲೀಸಿನವನು ಕೊಡೆಯನ್ನು ನೋಡಿದ, ಬೆಕ್ಕನ್ನು ನೋಡಿದ, ಲೋಕಣ್ಣನ ಕೆಂಪು ಕೋಟನ್ನು ನೋಡಿದ. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಮದುವೆಯಾಗದವರು ಇದನ್ನು ನೋಡಬಾರದು ಎಂದು ನಾನು ಅವನ ಕಿವಿಯಲ್ಲಿ ಹೇಳಿದೆ. ತನಗೆ ಮಾರ್ಚಿನಲ್ಲಿ ನಿಶ್ಚಯ ಆಗಿದೆ ಅಷ್ಟೇ, ಮದುವೆ ಇನ್ನೂ ಆಗಿಲ್ಲ ಎಂದು ಅವಸರದಲ್ಲಿ ಬೆನ್ನು ತಿರುಗಿಸಿದ. ಹಾಗೆ ಬೆನ್ನು ತಿರುಗಿಸಿಕೊಂಡೇ ಅವನು ಇನ್ನೊಂದು ಮಾತು ಕೇಳಿದ.

“ಹಾಗಾದರೆ ಆ ಮೋರಿ ಕಟ್ಟೆ ಮೇಲೆ ಕೂತಿರೋ ಹುಡುಗ ಯಾರು? ಆಗಿನಿಂದ ಒಬ್ಬನೇ ಕೂತಿದ್ದಾನೆ. ನಿಮ್ಮ ಕಡೆಯವರ ಮಗು ಅಂದ್ಕೊಂಡಿದ್ದೆ.”

ನಾವು ನೋಡಿದೆವು. ಮೋರಿಯ ಕಟ್ಟೆ ಇತ್ತು, ಮಂಜಿತ್ತು. ಕಟ್ಟೆಯೆಲ್ಲ ಒದ್ದೆ, ನಡುವೆ ಒಂದು ಕಡೆ ಅಂಗೈ ಅಗಲದ ಜಾಗ ಒಣಗಿತ್ತು. ಉನೈಸ್ ತನಗೆ ಗೊತ್ತಿರುವ ಪ್ರಾರ್ಥನೆಯನ್ನು ಹೇಳತೊಡಗಿದ. ನಾನು ಉನೈಸನ ಬೆನ್ನ ಹಿಂದೆ ಸರಿದೆ.

ಹಿಂದೆ ಸರಿಯದವನು ಲೋಕಣ್ಣ ಒಬ್ಬ. ಅವನು ಕಟ್ಟೆಯ ಹತ್ತಿರ ಹೋಗಿ, ಎದುರಿಗೆ ಕುಕ್ಕರಗಾಲಿನಲ್ಲಿ ಕೂತ. ಕುರ್ಚಿ ಇರಲಿಲ್ಲವೆಂದು ಕೂತದ್ದಲ್ಲ. ಸಣ್ಣ ಮಕ್ಕಳ ಹತ್ತಿರ ಮಾತಾಡುವಾಗ ಎಲ್ಲರೂ ಕೂರುವ ಹಾಗೆ ಕೂತ. “ತಪ್ಪಾಯಿತು ಮಗಾ. ಕುರ್ಚಿ ನಿನ್ನದೇ. ನಾನು ನೋಡಲಿಲ್ಲ,” ಎಂದ. ಆಮೇಲೆ ವಾರಿಜಕ್ಕನ ಹಾಡನ್ನು ಮೆತ್ತಗೆ ಊದಿದ. ಎದ್ದು, ಊದುತ್ತಲೇ ತಿರುಗಿ ನಡೆದ. ಉನೈಸನೂ ನಾನೂ ಹೇಗೋ ಸೇರಿಕೊಂಡೆವು.

ಮನೆಯ ಹತ್ತಿರ ಬಂದಾಗ ನಾನು ಒಂದೇ ಒಂದು ಸಲ ಹಿಂದೆ ನೋಡಿದೆ. ಹೋಗುವಾಗ ಆಳೆತ್ತರಕ್ಕೆ ಹಿಡಿದಿದ್ದ ಕೊಡೆಯನ್ನು ಆ ಅಣ್ಣ ಈಗ ತನ್ನ ಸೊಂಟದ ಮಟ್ಟಕ್ಕೆ ಹಿಡಿದಿದ್ದ. ಅವನ ಮುಖದ ಮೇಲಿಂದ ಮಳೆ ಇಳಿಯುತ್ತಿತ್ತು. ಕೈ ಅಷ್ಟು ಕೆಳಗೆ ಹೋದದ್ದು ಅವನಿಗೆ ಗೊತ್ತಿತ್ತೋ ಇಲ್ಲವೋ.

ಗೇಟಿನಲ್ಲಿ ಗುಲಾಬಿಯಕ್ಕ ನಿಂತಿದ್ದಳು. ಕೊಡೆಯನ್ನು ನೋಡಿ, ಬಂದ ಎಂದಳು. ಹೊಸ ಮಾಲೆ ಬಿತ್ತು. ಧಾರೆಯ ನೀರು ಎರೆದರು. ಎರಡು ಎಲೆಗಳಿಗೆ ಮೊದಲು ಬಡಿಸಿ, ಅವರ ಊಟ ಮುಗಿಯುವ ತನಕ ನಾವೆಲ್ಲ ಕಾದು, ಆಮೇಲೆ ಉಂಡೆವು. ಲೋಕಣ್ಣ ಮಾತ್ರ ಊಟಕ್ಕೂ ಕೂರಲಿಲ್ಲ. ಎಷ್ಟು ಒತ್ತಾಯ ಮಾಡಿದರೂ ನಿಂತೇ ಉಂಡ. ಯಾವ ಕುರ್ಚಿ ಖಾಲಿ ಇದೆಯೆಂದು ಹೇಳುವ ಧೈರ್ಯ ಅವನಿಗಿರಲಿಲ್ಲ.

ಹೆಣ್ಣನ್ನು ಕಳಿಸುವ ಹೊತ್ತು ಬಂತು. ನಮ್ಮ ಪದ್ಧತಿಯ ಪ್ರಕಾರ ‘ಗೋಣಿಯೊಳಗಿನ ಬೆಕ್ಕು’ ನುಡಿಸಬೇಕು. ಉನೈಸ್ ಅಭ್ಯಾಸಬಲದಿಂದ ಮೊದಲ ಪೆಟ್ಟು ಹಾಕಲು ಕೋಲು ಎತ್ತಿದ್ದ. ಲೋಕಣ್ಣ ಆ ಕೋಲನ್ನು ಹಿಡಿದುಕೊಂಡು, ಬೇಡ ಎಂದು ತಲೆಯಾಡಿಸಿದ. ಮತ್ತೆ ಅದೇ ಮುಂದೆ ಮುಂದೆ, ಹಿಂದೆ ಹಿಂದೆ. ಬೆಕ್ಕು ಕಾರಿನ ತನಕ ಮುಂದೆ ನಡೆಯಿತು. ಸೀರೆ, ಬಳೆ, ಮಲ್ಲಿಗೆಯನ್ನು ತಟ್ಟೆಯಲ್ಲಿ ಹಿಡಿದುಕೊಂಡು ವಾರಿಜಕ್ಕ ಹಿಂದೆ ಬಂದಳು.

ತಟ್ಟೆಯನ್ನು ಸೀಟಿನ ಮೇಲಿಟ್ಟ ಮೇಲೂ ಅವಳು ಕಾರಿನ ಬಾಗಿಲು ಬಿಡಲಿಲ್ಲ. ಮದುವೆ ಮನೆಯಲ್ಲಿ ತಾಯಂದಿರು ಬೀಗತಿಗೆ ಹೇಳುವ ಮಾತು ನಮಗೆಲ್ಲ ಗೊತ್ತು; ಅಡುಗೆ ಬರುತ್ತದೆ, ಸ್ವಲ್ಪ ಮುಂಗೋಪ ಉಂಟು, ತಿದ್ದಿಕೊಳ್ಳಿ ಎನ್ನುತ್ತಾರೆ. ವಾರಿಜಕ್ಕ ಗುಲಾಬಿಯಕ್ಕನ ಕೈ ಹಿಡಿದುಕೊಂಡಳು.

“ಮೀನಿನ ಮುಳ್ಳು ತೆಗೆದು ಕೊಡಿ, ಅವಳಿಗೆ ಬಿಡಿಸಲಿಕ್ಕೆ ಬರುವುದಿಲ್ಲ,” ಎಂದಳು. “ದೀಪ ಪೂರ್ತಿ ಆರಿಸಬೇಡಿ. ಕತ್ತಲೆ ಅಂದ್ರೆ ಹೆದರ್ತಾಳೆ.”

“ಇವನಿಗೂ ನಾನೇ ಬಿಡಿಸಿ ಕೊಡುವುದು,” ಎಂದಳು ಗುಲಾಬಿಯಕ್ಕ. “ಇಬ್ಬರಿಗೂ ಒಟ್ಟಿಗೆ ಕೊಡ್ತೇನೆ. ನೀನು ಅಳಬೇಡ.”

ಕಾರು ಹೋಯಿತು. ವಾಪಸ್ಸು ಬರುವಾಗ ವ್ಯಾನಿನಲ್ಲಿದ್ದ ಟ್ರಂಪೆಟ್ಟಿನ ಹುಡುಗರು, ಎಂತ ಆಯಿತು, ಎಂತ ಆಯಿತು ಎಂದು ಬೆಳ್ತಂಗಡಿಯ ತನಕ ಕೇಳಿದರು. ಕೊನೆಗೆ, ಬಹುಶಃ ಜಗಳ ಆಗಿರಬೇಕೆಂದು ತಾವೇ ತೀರ್ಮಾನಿಸಿ ನಿದ್ದೆಹೋದರು.

ಪಾಣೆಮಂಗಳೂರಿನಲ್ಲಿ ಕಾಂತಿ ಬಾಗಿಲಲ್ಲೇ ಕಾಯುತ್ತಿದ್ದಳು. ಅಕ್ಕಪಕ್ಕದ ಇಬ್ಬರು ಹೆಂಗಸರನ್ನೂ ಕರೆಸಿಕೊಂಡಿದ್ದಳು, ಸೋತು ಬಂದರೆ ಸಾಕ್ಷಿ ಬೇಕಲ್ಲ. ಮದುವೆ ಪೂರ್ತಿ ಆಯಿತಾ, ನಡುವಿನಲ್ಲಿ ಓಡಿಸಿದರಾ ಎಂದು ಕೇಳಿದಳು. ಆಯಿತು, ಕಳಿಸಿಕೊಟ್ಟೇ ಬಂದೆವು ಎಂದ ಲೋಕಣ್ಣ. ಬೆಕ್ಕಿಗೆ ಯಾರೂ ಏನೂ ಹೇಳಲಿಲ್ಲವಾ ಎಂದಳು. ಬೆಕ್ಕೇ ಮುಂದೆ ನಡೆಯಿತು ಎಂದ. ಹೆಂಗಸರಿಗೆ ನಿರಾಸೆಯಾಯಿತು.

“ಹುಡುಗಿ ಹೇಗಿದ್ದಾಳೆ?” ಎಂದು ಕೇಳಿದಳು ಕಾಂತಿ.

ಲೋಕಣ್ಣ ಮೆಟ್ಟಿಲನ್ನು ಒಮ್ಮೆ ಕೈಯಲ್ಲಿ ಸವರಿ, ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಕೂತ. “ಸಣ್ಣವಳು,” ಎಂದ. “ತುಂಬ ಸಣ್ಣವಳು ಮಾರಾಯ್ತಿ.”

ಮೂವತ್ತು ದಾಟಿದವಳು ಸಣ್ಣವಳಾ ಎಂದು ಕಾಂತಿ ನಕ್ಕು, ಇವರ ಮಾತು ಬಿಡಿ, ನೀವಾದರೂ ಸರಿಯಾಗಿ ಹೇಳಿ ಎಂದು ನನ್ನ ಕಡೆ ತಿರುಗಿದಳು. ನಾನು ತಾಳವನ್ನು ಸದ್ದಾಗದಂತೆ ಕೆಳಗಿಟ್ಟು, ಹೌದಕ್ಕ, ಸಣ್ಣವಳೇ ಎಂದೆ.